ಹೊಳೆ ಸುತ್ತುವರಿಯುವ ಊರು: ಮನೆ ಬಿಡುವುದು ಯಾವಾಗ?

ಪ್ರಶ್ನೆ: ನಮ್ಮದು ರೋಣ ತಾಲ್ಲೂಕಿನಲ್ಲಿ ಮಲಪ್ರಭೆಯ ದಂಡೆಯ ಸಣ್ಣ ಊರು. ಒಂದು ಕಡೆ ಹೊಳೆ, ಇನ್ನೊಂದು ಕಡೆ ಬೆಣ್ಣೆಹಳ್ಳ. ಎರಡೂ ಒಟ್ಟಿಗೆ ಬಂದರೆ ಊರು ಎರಡು ಮೂರು ದಿನ ನಡುಗಡ್ಡೆಯಾಗುತ್ತದೆ. 2009ರಲ್ಲಿ ನೀರು ನಮ್ಮ ಮನೆಯ ಕಟ್ಟೆಯವರೆಗೆ ಬಂದು ನಿಂತಿತು. 2019ರಲ್ಲಿ ಅಂಗಳಕ್ಕೆ ಬಂದು ಇಳಿಯಿತು. ‘ನಮ್ಮ ಮನೆಗೆ ಹೊಳೆ ಬರುವುದಿಲ್ಲ, ಬಂದರೂ ಮಾಳಿಗೆ ಇದೆ’ ಎಂಬುದು ತಂದೆಯವರ ಮಾತು. ಮನೆಯಲ್ಲಿ ಏಳು ಜನ ಇದ್ದೇವೆ. ತಾಯಿಗೆ ಸಕ್ಕರೆ ಕಾಯಿಲೆ, ದಿನವೂ ಇನ್ಸುಲಿನ್ ಬೇಕು. ತಮ್ಮನ ಹೆಂಡತಿಗೆ ಆಗಸ್ಟ್ ಕೊನೆಗೆ ದಿನ ತುಂಬುತ್ತದೆ. ಎರಡನೆಯ ಹೆರಿಗೆಯಾದ್ದರಿಂದ ತವರಿಗೆ ಕಳಿಸುವ ಮಾತಿಲ್ಲ. ಎರಡು ಎಮ್ಮೆ, ಒಂದು ಜೋಡಿ ಎತ್ತು ಇವೆ. 2009ರ ಪ್ರವಾಹದ ನಂತರ ಸಂತ್ರಸ್ತರಿಗಾಗಿ ಕಟ್ಟಿದ ಹೊಸ ಊರಾದ ನವಗ್ರಾಮದಲ್ಲಿ ‘ಆಸರೆ’ ಯೋಜನೆಯ ಮನೆಯೂ ಇದೆ, ಅದನ್ನು ಕಾಳು ತುಂಬಲು ಬಳಸುತ್ತಿದ್ದೇವೆ. ಡ್ಯಾಮಿನಿಂದ ನೀರು ಬಿಟ್ಟ ಸುದ್ದಿ ಬಂದ ಮೇಲೆ ಹೊರಟರೆ ಸಾಕೇ? ಮನೆಯಲ್ಲಿ ಏನೇನು ಕೂಡಿಡಬೇಕು? ದನಗಳನ್ನು ಬಿಟ್ಟು ಹೋಗುವುದು ಹೇಗೆ? ಅಥವಾ ಕಾಯಂ ಆಗಿ ನವಗ್ರಾಮಕ್ಕೆ ಹೋಗಿಬಿಡುವುದೇ ಒಳ್ಳೆಯದೇ?

ಉತ್ತರ: ನಾಲ್ಕು ಪ್ರಶ್ನೆ ಕೇಳಿದ್ದೀರಿ, ಚಿಂತೆ ಮಾತ್ರ ಒಂದೇ. ತಂದೆಯವರು ಹೊಸ್ತಿಲನ್ನು ನೋಡಿ ಧೈರ್ಯ ಹೇಳುತ್ತಿದ್ದಾರೆ, ನಿಮಗೆ ಆ ಧೈರ್ಯ ಸಾಲುತ್ತಿಲ್ಲ. ನಿಮ್ಮ ಅಳುಕು ಸರಿಯಾಗಿದೆ. ನೀರಾವರಿ ಎಂಜಿನಿಯರಾಗಿ ಮಲಪ್ರಭೆಯ ಕೆಳದಂಡೆಯ ಊರುಗಳಲ್ಲಿ ಓಡಾಡಿದವನು ನಾನು. ಈಗ ಗ್ರಾಮ ಪಂಚಾಯಿತಿಗಳಿಗೆ ಪ್ರವಾಹ ಸಿದ್ಧತೆಯ ತರಬೇತಿ ಕೊಡುತ್ತೇನೆ. ಮೆಣಸಗಿ, ಹೊಳೆಆಲೂರು, ಹೊಳೆಮಣ್ಣೂರು, ಗಾಡಗೋಳಿಯ ಸುತ್ತಿನಲ್ಲಿ ಎಲ್ಲಿ ಕುಳಿತರೂ ‘ನಮ್ಮ ಮನೆಗೆ ನೀರು ಬಂದಿಲ್ಲ’ ಎನ್ನುವವರು ಇಬ್ಬರಾದರೂ ಸಿಗುತ್ತಾರೆ. ಅವರು ಹೇಳುವುದು ಸುಳ್ಳಲ್ಲ. ಆದರೆ ಮನೆಗೆ ಬರುವ ಎಷ್ಟೋ ಹೊತ್ತಿನ ಮೊದಲೇ ನೀರು ರಸ್ತೆಗೆ ಬಂದಿರುತ್ತದೆ. ಊರಾಚೆಯ ತಗ್ಗಿನ ಮೋರಿಯ ಮೇಲೆ ಹೊಳೆ ಹತ್ತಿದ ಗಳಿಗೆಯಿಂದ ನಿಮ್ಮ ತಾಯಿಗೆ ಆಸ್ಪತ್ರೆ ಇಲ್ಲ, ಸೊಸೆಗೆ ಆಂಬುಲೆನ್ಸ್ ಇಲ್ಲ, ಎಮ್ಮೆಗಳಿಗೆ ಮೇವಿನ ಗಾಡಿ ಇಲ್ಲ. ಮನೆ ಮಾತ್ರ ಒಣಗಿಯೇ ಇರುತ್ತದೆ. 2019ರ ಆಗಸ್ಟ್‌ನಲ್ಲಿ ನರಗುಂದ ತಾಲ್ಲೂಕಿನ ಲಖಮಾಪುರವನ್ನು ಮಲಪ್ರಭೆ ಸುತ್ತುವರಿದಾಗಲೂ ಮೊದಲು ಹೋದದ್ದು ದಾರಿ. ಆದ್ದರಿಂದ ಹೊರಡುವ ಹೊತ್ತನ್ನು ಹೊಸ್ತಿಲಿನಿಂದ ಅಳೆಯಬೇಡಿ, ಮೋರಿಯಿಂದ ಅಳೆಯಿರಿ. ಈ ಉತ್ತರದಲ್ಲಿ ಇದೊಂದನ್ನು ಹಿಡಿದುಕೊಂಡರೂ ನನಗೆ ಸಮಾಧಾನ.

ಈಗ ಡ್ಯಾಮಿನ ಸುದ್ದಿಯ ವಿಷಯ. ನಿಮ್ಮೂರಿಗೆ ಬರುವುದು ಎರಡು ನೀರು, ಎರಡರ ಸ್ವಭಾವವೂ ಬೇರೆ.

ಮೊದಲನೆಯದು ಮಲಪ್ರಭೆಯದು. ಖಾನಾಪುರ ತಾಲ್ಲೂಕಿನ ಕಣಕುಂಬಿಯ ಕಾಡಿನಲ್ಲಿ ಬಿದ್ದ ಮಳೆ ಸವದತ್ತಿಯ ಹತ್ತಿರ ನವಿಲುತೀರ್ಥದ ರೇಣುಕಾಸಾಗರದಲ್ಲಿ ನಿಲ್ಲುತ್ತದೆ. ಆ ಜಲಾಶಯ ಹಿಡಿಯುವುದು 37.73 ಟಿಎಂಸಿ (ಶತಕೋಟಿ ಘನ ಅಡಿ) ನೀರು. ‘ಅಧಿಕಾರಿಗಳು ಬೇಕೆಂದೇ ತುಂಬಿಸಿಕೊಂಡು ನಡುರಾತ್ರಿ ಗೇಟು ಎತ್ತುತ್ತಾರೆ’ ಎಂಬ ಸಿಟ್ಟು ನಿಮ್ಮ ಭಾಗದಲ್ಲಿ ಬಹಳ ಇದೆ. ಲೆಕ್ಕ ಹೀಗಿದೆ. 11,574 ಕ್ಯೂಸೆಕ್, ಅಂದರೆ ಸೆಕೆಂಡಿಗೆ ಅಷ್ಟು ಘನ ಅಡಿ, ನೀರು ಒಂದು ಇಡೀ ದಿನ ಹರಿದರೆ ಒಂದು ಟಿಎಂಸಿ. ಒಳಹರಿವು ಲಕ್ಷ ಕ್ಯೂಸೆಕ್ ಮುಟ್ಟಿದರೆ ದಿನಕ್ಕೆ ಎಂಟೂವರೆ ಟಿಎಂಸಿಗೂ ಹೆಚ್ಚು ಬಂದು ಸೇರುತ್ತದೆ. ಎಂಟು ಟಿಎಂಸಿ ಜಾಗ ಖಾಲಿ ಉಳಿಸಿಕೊಂಡಿದ್ದರೂ ಅದು ಒಂದು ಹಗಲು, ಒಂದು ರಾತ್ರಿಯ ಮಾತು. ಈ ಜಲಾಶಯವನ್ನು ಕಟ್ಟಿದ್ದೇ ನೀರಾವರಿಗೆ. ಹುಬ್ಬಳ್ಳಿ-ಧಾರವಾಡದ ಕುಡಿಯುವ ನೀರೂ ಅಲ್ಲಿಂದಲೇ ಬರಬೇಕು. ಮುಂದೆ ಮಳೆ ಕೈಕೊಟ್ಟರೆ ಯಾರು ಉತ್ತರ ಕೊಡಬೇಕು ಎಂಬ ಭಯದಲ್ಲಿ ಯಾರೂ ಜುಲೈನಲ್ಲಿ ಅದನ್ನು ಬರಿದು ಮಾಡುವುದಿಲ್ಲ. ಹಲವು ವರ್ಷ ಪೂರ್ತಿ ತುಂಬದೇ ಇದ್ದಾಗ ಕೆಳಗೆ ಹೊಳೆಯ ಒಡಲಲ್ಲಿ ಜಾಲಿ ಬೆಳೆಯಿತು, ದಂಡೆ ಒತ್ತಿ ಕಬ್ಬು ಬಂತು, ಹೊಳೆ ಸಣ್ಣದಾಯಿತು. ಹಿಂದೆ ಪಾತ್ರದೊಳಗೇ ಸಾಗಿ ಹೋಗುತ್ತಿದ್ದಷ್ಟು ನೀರು ಈಗ ಹೊಲಕ್ಕೆ ಏರುತ್ತದೆ. ದುರುದ್ದೇಶ ಇಲ್ಲದೆಯೂ ಅನಾಹುತ ಆಗುತ್ತದೆ ಎಂಬುದನ್ನು ಒಪ್ಪಿಕೊಂಡರೆ ಸಿದ್ಧತೆಯ ಕಡೆ ಮನಸ್ಸು ಹೋಗುತ್ತದೆ.

ಮಳೆಗಾಲ ಕೊನೆಗೆ ಬಂದಷ್ಟೂ ಅಪಾಯ ಕಡಿಮೆ ಎಂಬ ನಂಬಿಕೆಯೂ ಇದೆ. ಡ್ಯಾಮಿನ ಮಟ್ಟಿಗೆ ಇದು ತಿರುಗುಮುರುಗು. ಸೆಪ್ಟೆಂಬರ್ ಕೊನೆಗೆ ಜಲಾಶಯ ತುಂಬಿದ್ದರೆ ಬಂದ ನೀರೆಲ್ಲ ಹಾಗೇ ಕೆಳಗೆ ಬರುತ್ತದೆ. 2009ರ ಮಹಾಪ್ರವಾಹ ಬಂದದ್ದು ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ. ಆಗ ಈರುಳ್ಳಿ ಹೊಲದಲ್ಲಿದ್ದ ಕಾಲ. ಗಣಪತಿ ಹಬ್ಬ ಮುಗಿಯಿತೆಂದು ಗಂಟು ಬಿಚ್ಚಿಡಬೇಡಿ.

ಎರಡನೆಯದು ಬೆಣ್ಣೆಹಳ್ಳ. ನನಗೆ ಹೆಚ್ಚು ಭಯ ಇರುವುದು ಇದರದೇ. ಶಿಗ್ಗಾವಿ ತಾಲ್ಲೂಕಿನ ಕಡೆ ಹುಟ್ಟಿ, ಕುಂದಗೋಳ, ಹುಬ್ಬಳ್ಳಿ, ನವಲಗುಂದದ ಎರೆಹೊಲಗಳ ನೀರನ್ನೆಲ್ಲ ಹೊತ್ತು, ತುಪ್ಪರಿಹಳ್ಳವನ್ನೂ ಕೂಡಿಸಿಕೊಂಡು, ಯಾವಗಲ್ ದಾಟಿ ಮೆಣಸಗಿಯ ಹತ್ತಿರ ಮಲಪ್ರಭೆಗೆ ಸೇರುತ್ತದೆ. ಇದಕ್ಕೆ ಡ್ಯಾಮಿಲ್ಲ, ಗೇಟಿಲ್ಲ. ಗೇಟಿಲ್ಲದ ಮೇಲೆ ‘ನೀರು ಬಿಟ್ಟಿದ್ದೇವೆ’ ಎಂದು ಸಾರುವವರೂ ಇಲ್ಲ. ಎರೆಮಣ್ಣು ಬಿರುಕು ಬಿಟ್ಟಿರುವವರೆಗೆ ಮಳೆಯನ್ನು ಗಟಗಟನೆ ಕುಡಿಯುತ್ತದೆ. ಒಮ್ಮೆ ನೆನೆದು ಬಿರುಕು ಮುಚ್ಚಿತೆಂದರೆ ಮೇಲೆ ಬಿದ್ದದ್ದೆಲ್ಲ ಹಳ್ಳಕ್ಕೆ ಓಡುತ್ತದೆ. ಅದಕ್ಕೇ ಮೊದಲ ದಿನದ ದೊಡ್ಡ ಮಳೆಗೆ ಸುಮ್ಮನಿದ್ದ ಹಳ್ಳ ಮೂರನೆಯ ದಿನದ ಸಾಧಾರಣ ಮಳೆಗೆ ಉಕ್ಕುವುದು. ಆ ಹೊತ್ತಿಗೆ ಮಲಪ್ರಭೆಯೂ ತುಂಬಿದ್ದರೆ ಹಳ್ಳಕ್ಕೆ ಹೊಳೆಯೊಳಗೆ ಇಳಿಯಲು ದಾರಿ ಇಲ್ಲ. ಹಿಂದಕ್ಕೆ ಒತ್ತಿ ಹೊಲಗಳ ಮೇಲೆ ಹರಡುತ್ತದೆ. ನಿಮ್ಮೂರಿನ ರಸ್ತೆ ಮುಚ್ಚುವುದು ಹೆಚ್ಚಾಗಿ ಹೀಗೆ.

ಹಾಗಾಗಿ ಡ್ಯಾಮಿನ ಸುದ್ದಿಗೆ ಕಾಯುವುದು ಸಾಕಾಗುವುದಿಲ್ಲ. ನಿಮ್ಮೂರಲ್ಲಿ ಬಿಸಿಲಿದ್ದರೂ ಕುಂದಗೋಳ, ನವಲಗುಂದದ ಕಡೆ ರಾತ್ರಿಯೆಲ್ಲ ಹೊಡೆದಿದ್ದರೆ ಹಳ್ಳ ಬರುತ್ತದೆ. ನವಲಗುಂದದ ಕಡೆಯ ಬೀಗರೊಬ್ಬರು, ಯಾವಗಲ್‌ನ ಪರಿಚಯದವರೊಬ್ಬರು, ಇವರಿಬ್ಬರಿಗೆ ಈಗಲೇ ಹೇಳಿಡಿ: ಹಳ್ಳ ಸೇತುವೆಯ ಮಟ್ಟಕ್ಕೆ ಬಂತೆಂದರೆ ಎಷ್ಟು ಹೊತ್ತಾದರೂ ಫೋನ್ ಮಾಡಬೇಕು. ಅಲ್ಲಿಂದ ನಿಮ್ಮಲ್ಲಿಗೆ ನೀರು ಮುಟ್ಟಲು ಎಷ್ಟು ತಾಸು ಹಿಡಿಯಿತು ಎಂಬುದನ್ನು ಪ್ರತಿ ಸಲವೂ ಬರೆದಿಡಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕ ಇಟ್ಟಿದೆ. ಮೇಲಿನ ತಾಲ್ಲೂಕುಗಳಲ್ಲಿ ಎಷ್ಟು ಮಳೆಯಾಗಿದೆ ಎಂದು ನಿಮ್ಮ ಪಿಡಿಒ ಅವರನ್ನು ಕೇಳಿ ತಿಳಿದುಕೊಳ್ಳಬಹುದು.

ಜೊತೆಗೆ ಊರಿನದೇ ಒಂದು ಅಳತೆ ಇರಬೇಕು. ಮೋರಿಯ ಗೋಡೆಯ ಮೇಲೆ ಎರಡು ಗೆರೆ ಹಚ್ಚಿ. ರಸ್ತೆಯ ಮಟ್ಟಕ್ಕಿಂತ ಮೂರಡಿ ಕೆಳಗೆ ಹಳದಿ, ರಸ್ತೆಯ ಮಟ್ಟಕ್ಕೆ ಕೆಂಪು. ನೀರು ತಾಸಿಗೆ ಅರ್ಧ ಅಡಿ ಏರುತ್ತಿದ್ದರೆ ಹಳದಿಯಿಂದ ಕೆಂಪಿಗೆ ಆರು ತಾಸು ಸಿಗುತ್ತದೆ. ಒಂದಡಿ ಏರುತ್ತಿದ್ದರೆ ಮೂರೇ ತಾಸು. ಹಳದಿ ಮುಟ್ಟಿದ ಕೂಡಲೇ ರೋಗಿಗಳು, ಗರ್ಭಿಣಿಯರು, ಬಾಣಂತಿಯರು, ಕೂಸುಗಳು, ನಡೆಯಲಾರದ ಹಿರಿಯರು ಊರು ಬಿಡಬೇಕು. ಕೆಂಪು ಮುಟ್ಟಿದ ಮೇಲೆ ಯಾರೂ ಯಾವ ಗಾಡಿಯಲ್ಲೂ ದಾಟಬಾರದು. ಸಂಜೆ ನಾಲ್ಕರ ನಂತರ ನೀರು ಏರುತ್ತಿದ್ದರೆ ಹಳದಿಗೂ ಕಾಯಬೇಡಿ; ಕತ್ತಲಲ್ಲಿ ಗೆರೆ ಕಾಣುವುದಿಲ್ಲ, ಮೋಟರ್ ಸೈಕಲ್ಲಿನ ದೀಪಕ್ಕೆ ಕಾಣುವುದು ಬರೀ ಹೊಳಪು. ಗೆರೆ ಎಲ್ಲಿ ಬರಬೇಕು ಎಂಬುದನ್ನು ತಂದೆಯವರನ್ನೇ ಕೇಳಿ. 2009ರಲ್ಲಿ ಯಾವ ಹೊತ್ತಿಗೆ ನೀರು ಎಲ್ಲಿತ್ತು ಎಂಬುದು ಅವರಿಗೆ ನೆನಪಿರುತ್ತದೆ, ಆ ನೆನಪು ಯಾವ ಕಚೇರಿಯ ಕಡತದಲ್ಲೂ ಸಿಗುವುದಿಲ್ಲ. ‘ನಮ್ಮ ಮಾತು ಕೇಳಿ’ ಎಂದು ವಾದಿಸುವುದಕ್ಕಿಂತ ಈ ಕೆಲಸವನ್ನು ಅವರಿಗೆ ಒಪ್ಪಿಸುವುದು ಮೇಲು.

ಇಂಥ ಕಟ್ಟಳೆ ಕೆಲಸ ಮಾಡುತ್ತದೆಯೇ? ಇಂಡೊನೇಷ್ಯಾದ ಸಿಮೆಲುವೆ ಎಂಬ ದ್ವೀಪದ ಉದಾಹರಣೆಯನ್ನು ನಾನು ತರಬೇತಿಯಲ್ಲಿ ಯಾವಾಗಲೂ ಹೇಳುತ್ತೇನೆ. 1907ರಲ್ಲಿ ಅಲ್ಲಿ ಸುನಾಮಿ ಬಂದು ಬಹಳ ಜನ ಸತ್ತರು. ಉಳಿದವರು ಅದನ್ನು ಹಾಡಾಗಿ, ಕಥೆಯಾಗಿ ಮಕ್ಕಳಿಗೆ ಕಲಿಸಿದರು: ನೆಲ ಜೋರಾಗಿ ನಡುಗಿ ಸಮುದ್ರ ಹಿಂದೆ ಸರಿದರೆ ಗುಡ್ಡಕ್ಕೆ ಓಡು. 2004ರ ಡಿಸೆಂಬರ್ 26ರಂದು ಅದೇ ಆಯಿತು. ಭೂಕಂಪದ ಕೇಂದ್ರಕ್ಕೆ ಅತಿ ಹತ್ತಿರದಲ್ಲಿದ್ದ ಆ ದ್ವೀಪದಲ್ಲಿ ಸುಮಾರು 78,000 ಜನರಿದ್ದರು; ಸತ್ತವರು ಏಳು ಜನ. ಸೈರನ್ ಇರಲಿಲ್ಲ, ಅಧಿಕಾರಿಗಳ ಆದೇಶ ಇರಲಿಲ್ಲ. ಒಂದು ಗುರುತು, ಒಂದು ಕೆಲಸ, ಅದು ಎಲ್ಲರಿಗೂ ಗೊತ್ತು, ಅಷ್ಟೇ. ನಿಮ್ಮೂರಿನ ಶಾಲೆಯ ಹುಡುಗನಿಗೂ ‘ಹಳದಿ ಮುಟ್ಟಿದರೆ ಅಜ್ಜಿ ಹೊರಡಬೇಕು’ ಎಂದು ಗೊತ್ತಿರಬೇಕು.

‘ಟ್ರ್ಯಾಕ್ಟರ್ ಇದೆಯಲ್ಲ, ದಾಟಿಸುತ್ತೇವೆ’ ಎಂಬ ಮಾತನ್ನು ದಯವಿಟ್ಟು ನಂಬಬೇಡಿ. ರಭಸದ ನೀರು ಅರ್ಧ ಅಡಿ ಇದ್ದರೂ ನಿಂತ ಮನುಷ್ಯನ ಕಾಲು ಕೀಳುತ್ತದೆ. ಎರಡಡಿ ಇದ್ದರೆ ಬಹಳಷ್ಟು ವಾಹನಗಳನ್ನು ಎಳೆದುಕೊಂಡು ಹೋಗುತ್ತದೆ. ಮೇಲಿಂದ ನೋಡಿದರೆ ಡಾಂಬರು ಇದ್ದಂತೆಯೇ ಇರುತ್ತದೆ, ಕೆಳಗಿನ ಮಣ್ಣು ಕೊಚ್ಚಿ ಹೋಗಿರುತ್ತದೆ.

ಮಾಳಿಗೆಯ ವಿಷಯಕ್ಕೆ ಬರೋಣ. ನಿಮ್ಮದು ಮಣ್ಣಿನ ಗೋಡೆಯ ಮೇಲ್ಮುದ್ದೆಯ ಮನೆ ಎಂದುಕೊಂಡು ಹೇಳುತ್ತೇನೆ. ನಿಮ್ಮ ಭಾಗದ ಹಳೆಯ ಮನೆಗಳು ಹೆಚ್ಚಾಗಿ ಅವೇ. ಬೇಸಿಗೆಗೆ ಅಂಥ ಸುಖದ ಮನೆ ಇನ್ನೊಂದಿಲ್ಲ. ಆದರೆ ಪ್ರವಾಹದಲ್ಲಿ ಅದು ಎರಡು ಕಡೆಯಿಂದ ಸೋಲುತ್ತದೆ. ಮೇಲೆ ಮುದ್ದೆಯ ಮಣ್ಣು ಮಳೆ ಕುಡಿದು ಭಾರವಾಗುತ್ತದೆ, ಕೆಳಗೆ ನಿಂತ ನೀರಿಗೆ ಗೋಡೆಯ ಬುಡ ಮೆತ್ತಗಾಗುತ್ತದೆ. ಆ ಹೊತ್ತಿನಲ್ಲಿ ಏಳು ಜನ, ನಾಲ್ಕು ಚೀಲ ಜೋಳ ಮಾಳಿಗೆ ಹತ್ತಿದರೆ ಭಾರ ಇನ್ನೂ ಹೆಚ್ಚು. 2009ರಲ್ಲಿ ಗೋಡೆ ಕುಸಿದು ಸತ್ತವರು ಅನೇಕರು.

ನೀರು ಇಳಿದ ಮೇಲೆ ಅಪಾಯ ಮುಗಿಯಿತು ಎಂಬುದೂ ತಪ್ಪು ತಿಳಿವಳಿಕೆ. ನೆನೆದ ಗೋಡೆಗೆ ಹೊರಗಿನಿಂದ ಆತು ನಿಂತಿದ್ದ ನೀರು ಹೋದಾಗ, ಮಾರನೆಯ ದಿನ ಚುರುಕು ಬಿಸಿಲು ಬಿದ್ದಾಗ ಕುಸಿಯುವ ಮನೆಗಳೇ ಬಹಳ. ಮನೆಯೊಳಗೆ ಮತ್ತೆ ಕಾಲಿಡುವ ಮೊದಲು ಗೋಡೆಯ ಬುಡದಿಂದ ಮೊಣಕಾಲೆತ್ತರದವರೆಗೆ ಕೈಯಿಂದ ತಟ್ಟುತ್ತ ಒಂದು ಸುತ್ತು ಬನ್ನಿ. ಸುಣ್ಣದ ಪದರ ಉಬ್ಬಿ ಒಳಗೆ ಟೊಳ್ಳು ಸದ್ದು ಬಂದರೆ, ಮೂಲೆಯಲ್ಲಿ ಬೆರಳು ತೂರುವಷ್ಟು ಬಿರುಕು ಮೇಲಿನಿಂದ ಕೆಳಗೆ ಇಳಿದಿದ್ದರೆ, ನಿನ್ನೆವರೆಗೆ ಸಲೀಸಾಗಿ ಹಾಕಿಕೊಳ್ಳುತ್ತಿದ್ದ ಬಾಗಿಲು ಇಂದು ಚೌಕಟ್ಟಿಗೆ ಸಿಕ್ಕಿಕೊಂಡರೆ ಒಳಗೆ ಹೋಗಬೇಡಿ, ಪಾತ್ರೆ ತರಲಿಕ್ಕೂ ಬೇಡ. ಬಾಗಿಲು ಸಿಕ್ಕಿಕೊಳ್ಳುವುದು ನೆನೆದ ಕಟ್ಟಿಗೆಯಿಂದಲೂ ಇರಬಹುದು, ಜರುಗಿದ ಗೋಡೆಯಿಂದಲೂ ಇರಬಹುದು. ಯಾವುದು ಎಂದು ಪರೀಕ್ಷೆ ಮಾಡುವ ಕಾಲ ಅದಲ್ಲ. ಊರಲ್ಲಿ ಎತ್ತರದ ಜಾಗದ ಕಾಂಕ್ರೀಟ್ ಕಟ್ಟಡ ಯಾವುದಿದೆ, ಶಾಲೆಯೋ ಸಮುದಾಯ ಭವನವೋ, ಅದರ ಕೀಲಿ ಯಾರ ಹತ್ತಿರ ಇರುತ್ತದೆ ಎಂಬುದನ್ನು ಈಗಲೇ ತಿಳಿದಿಟ್ಟುಕೊಳ್ಳಿ. ಮಾಳಿಗೆಯ ಬದಲು ಅದು.

ನಿಮ್ಮ ಮನೆಯ ಇಬ್ಬರು ಮಾತ್ರ ಹಳದಿ ಗೆರೆಗೂ ಕಾಯಬಾರದು. ತಮ್ಮನ ಹೆಂಡತಿಗೆ ಆಗಸ್ಟ್ ಕೊನೆಗೆ ದಿನ ತುಂಬುವುದಾದರೆ ಆಗಸ್ಟ್ ಮೊದಲ ವಾರಕ್ಕೇ ರೋಣದಲ್ಲೋ ಗದಗಿನಲ್ಲೋ ಆಸ್ಪತ್ರೆ ಹತ್ತಿರದ ಸಂಬಂಧಿಕರ ಮನೆಗೆ ಕಳಿಸಿ. ಎರಡನೆಯ ಹೆರಿಗೆಗೆ ತವರಿಗೆ ಕಳಿಸುವ ಪದ್ಧತಿ ಇಲ್ಲದಿರಬಹುದು. ಬೀಗರಿಗೆ ಕಾರಣ ಹೇಳಿ, ಒಪ್ಪುತ್ತಾರೆ. 2014ರಲ್ಲಿ ಯಾದಗಿರಿ ಜಿಲ್ಲೆಯ ಕೃಷ್ಣೆಯ ನಡುಗಡ್ಡೆಯೊಂದರಿಂದ ತುಂಬು ಗರ್ಭಿಣಿಯೊಬ್ಬರು ಒಣಗಿದ ಸೋರೆಕಾಯಿ ಕಟ್ಟಿಕೊಂಡು ಉಕ್ಕುವ ಹೊಳೆಯನ್ನು ಈಜಿ ದಾಟಿದರು. ಎಲ್ಲರೂ ಆ ಧೈರ್ಯವನ್ನು ಕೊಂಡಾಡಿದರು. ನನಗೆ ಮಾತ್ರ ಇಂದಿಗೂ ಸಂಕಟವಾಗುತ್ತದೆ: ಹೆರಿಗೆಯ ದಿನ ತಿಂಗಳುಗಳ ಮೊದಲೇ ಗೊತ್ತಿರುತ್ತದೆ, ಹೊಳೆ ಬರುವ ಕಾಲವೂ ಗೊತ್ತಿರುತ್ತದೆ, ಆಕೆಯನ್ನು ಮೊದಲೇ ದಾಟಿಸುವವರು ಯಾರೂ ಇರಲಿಲ್ಲವೇ? ಆಶಾ ಕಾರ್ಯಕರ್ತೆಗೆ ನಿಮ್ಮ ಯೋಜನೆ ತಿಳಿಸಿ, ತಾಯಿ ಕಾರ್ಡು ಆಕೆಯ ಚೀಲದಲ್ಲೇ ಇರಲಿ.

ತಾಯಿಯವರಿಗೆ ಮಳೆಗಾಲದ ನಾಲ್ಕು ತಿಂಗಳು ಎರಡು ವಾರದಷ್ಟು ಇನ್ಸುಲಿನ್, ಸೂಜಿ, ಮಾತ್ರೆ ಹೆಚ್ಚುವರಿ ಇಟ್ಟುಕೊಳ್ಳಿ. ಕರೆಂಟು ಹೋದರೆ ಹೆದರಬೇಡಿ. ಬಳಸುತ್ತಿರುವ ಸೀಸೆ ಬಿಸಿಲು ತಾಗದ ತಂಪು ಜಾಗದಲ್ಲಿ ಸುಮಾರು ನಾಲ್ಕು ವಾರ ಕೆಡುವುದಿಲ್ಲ. ತೆರೆಯದ ಸೀಸೆಯನ್ನು ಡಬ್ಬಿಯಲ್ಲಿ ಹಾಕಿ ಮಣ್ಣಿನ ಗಡಿಗೆಯ ತಂಪಿನಲ್ಲಿಡಿ. ಊಟ ತಪ್ಪಿದ ದಿನ ಇನ್ಸುಲಿನ್ ಎಷ್ಟು ಎಂಬುದನ್ನು ವೈದ್ಯರಿಂದ ಈಗಲೇ ಬರೆಸಿಕೊಂಡು ಬನ್ನಿ. ಪ್ರವಾಹದಲ್ಲಿ ಊಟದ ಹೊತ್ತು ಏರುಪೇರಾಗುತ್ತದೆ, ಸಕ್ಕರೆ ಒಮ್ಮೆಲೇ ಇಳಿದರೆ ಹತ್ತಿರ ಬೆಲ್ಲದ ತುಂಡು ಇರಲೇಬೇಕು.

ಇನ್ನೊಂದು ಮಾತು, ಇದನ್ನು ಸರ್ಕಾರದ ಯಾವ ಕೈಪಿಡಿಯಲ್ಲೂ ನಾನು ಕಂಡಿಲ್ಲ. ನಾಗರ ಪಂಚಮಿ ಬರುವುದೇ ಹೊಳೆಯ ಕಾಲದಲ್ಲಿ. 2019ರಲ್ಲಿ ಆಗಸ್ಟ್ 5ಕ್ಕೆ ಪಂಚಮಿ, ಅದೇ ವಾರ ಹೊಳೆ ಬಂತು. ನಮ್ಮ ಕಡೆ ಆ ಹೊತ್ತಿಗೆ ಮನೆ ಮನೆಗೂ ಹೆಣ್ಣುಮಕ್ಕಳು ಕೂಸುಗಳೊಂದಿಗೆ ತವರಿಗೆ ಬಂದಿರುತ್ತಾರೆ. ಏಳು ಜನರ ಮನೆಯಲ್ಲಿ ಹನ್ನೆರಡು ಜನ, ಅದರಲ್ಲಿ ಮೂವರು ನಡೆಯಲು ಬಾರದವರು. ಪಂಚಾಯಿತಿಯ ಪಟ್ಟಿಯಲ್ಲಿ ಅವರ ಹೆಸರೇ ಇರುವುದಿಲ್ಲ. ನೀರಿನ ಲೆಕ್ಕ, ಗಾಡಿಯ ಲೆಕ್ಕ ಎರಡನ್ನೂ ಪಂಚಮಿಯ ಜನಸಂಖ್ಯೆಗೆ ಹಾಕಿ.

ಕೂಡಿಡುವ ಸಾಮಾನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ನಿಮ್ಮ ಮನೆಯ ಹೆಣ್ಣುಮಕ್ಕಳಿಗೆ ನನಗಿಂತ ಚೆನ್ನಾಗಿ ಗೊತ್ತು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅವಲಕ್ಕಿ, ಚುರುಮುರಿ, ಬೆಲ್ಲ: ಒಲೆ ಹೊತ್ತಿಸದೆ ಮೂರು ದಿನ ಕಳೆಯಬಹುದು. ಕೊರತೆ ಬೀಳುವುದು ನೀರಿಗೆ. ಸುತ್ತ ಹೊಳೆ ಇದ್ದರೂ ಕುಡಿಯಲು ಬಾರದು. ಬಾವಿ, ಬೋರ್‌ವೆಲ್‌ಗೂ ಹೊಲಸು ಇಳಿದಿರುತ್ತದೆ. ಕುಡಿಯಲಿಕ್ಕೆ ತಲೆಗೆ ದಿನಕ್ಕೆ ಮೂರು ಲೀಟರ್ ಎಂದರೆ ಏಳು ಜನಕ್ಕೆ ಮೂರು ದಿನಕ್ಕೆ 63 ಲೀಟರ್. ಆಶಾ ಕಾರ್ಯಕರ್ತೆಯಿಂದ ಕ್ಲೋರಿನ್ ಮಾತ್ರೆ, ಓಆರ್‌ಎಸ್ ಪೊಟ್ಟಣ ಮೊದಲೇ ಪಡೆದಿಡಿ. ಆಧಾರ್, ಹೊಲದ ಉತಾರ, ರೇಷನ್ ಕಾರ್ಡು, ಪಾಸ್‌ಬುಕ್ ಒಂದು ಪ್ಲಾಸ್ಟಿಕ್ ಚೀಲದಲ್ಲಿರಲಿ. ಮನೆಯ ನಾಲ್ಕೂ ಗೋಡೆಯ ಫೋಟೊವನ್ನು ಮಳೆಗಾಲಕ್ಕೆ ಮುಂಚೆ ತೆಗೆದು ಪರ ಊರಿನ ಸಂಬಂಧಿಕರ ಮೊಬೈಲಿಗೆ ಕಳಿಸಿ. 2019ರಲ್ಲಿ ಪೂರ್ತಿ ಬಿದ್ದ ಮನೆಗೆ ಸರ್ಕಾರ ಐದು ಲಕ್ಷ ರೂಪಾಯಿ ಘೋಷಿಸಿತ್ತು. ಎಷ್ಟು ಬಿದ್ದಿದೆ ಎಂಬ ವಾದದಲ್ಲಿ ಫೋಟೊ ಇದ್ದವರ ಮಾತಿಗೆ ಬಲ ಬಂತು. ‘ಡ್ಯಾಮ್ ಒಡೆದಿದೆ’ ಎಂಬ ಸಂದೇಶ ರಾತ್ರಿ ಬಂದರೆ ಓಡುವ ಮೊದಲು ಜಿಲ್ಲಾ ಸಹಾಯವಾಣಿ 1077ಕ್ಕೆ ಅಥವಾ ತುರ್ತು ಸಂಖ್ಯೆ 112ಕ್ಕೆ ಫೋನ್ ಮಾಡಿ ಕೇಳಿ. ಆ ಗಾಳಿಸುದ್ದಿ ಪ್ರತಿ ಪ್ರವಾಹದಲ್ಲೂ ಹುಟ್ಟುತ್ತದೆ.

ದನಗಳನ್ನು ಬಿಟ್ಟು ಹೋಗಲಾರದೆ ಊರಲ್ಲೇ ಉಳಿಯುವವರು ಬಹಳ, ಅದು ಮೊಂಡುತನ ಅಲ್ಲ. ಎಮ್ಮೆ ಹೋದರೆ ಮನೆಯ ಸಂತೆ ಖರ್ಚೇ ಹೋಯಿತು. ಅದಕ್ಕೇ ಜನರಿಗಿಂತ ಮೊದಲು ದನಗಳನ್ನು ಸಾಗಿಸಿ, ಡ್ಯಾಮಿನ ಒಳಹರಿವು ಏರುತ್ತಿದೆ ಎಂದ ದಿನವೇ. ಹೊಟ್ಟು, ಕಣಕಿ ಸ್ವಲ್ಪವನ್ನು ಜೂನ್‌ನಲ್ಲೇ ನವಗ್ರಾಮದ ಮನೆಯ ಪಕ್ಕ ಒಟ್ಟಿಡಿ; ಮೇವು ಅಲ್ಲಿದ್ದರೆ ದನ ಅಲ್ಲಿಗೆ ಹೋಗುತ್ತದೆ, ದನ ಹೋದರೆ ತಂದೆಯವರೂ ಹೋಗುತ್ತಾರೆ. ಗಳಲೆ ರೋಗ, ಚಪ್ಪೆ ರೋಗದ ಲಸಿಕೆ ಮಳೆಗಾಲಕ್ಕೆ ಮುಂಚೆ ಆಗಿರಲಿ. ಕಿವಿಯೋಲೆಯ ಹನ್ನೆರಡು ಅಂಕಿಗಳನ್ನು ಬರೆದಿಡಿ. ದನ ಸತ್ತರೆ ಪಶುವೈದ್ಯರ ಪಂಚನಾಮೆಗೆ ಬೇಕು. ಸಾಗಿಸಲು ಆಗದೇ ಹೋದರೆ ಒಂದೇ ಕೆಲಸ: ಹಗ್ಗ ಬಿಚ್ಚಿ. ಬಿಟ್ಟ ಎಮ್ಮೆ ದಿಬ್ಬ ಹುಡುಕಿಕೊಂಡು ಈಜುತ್ತದೆ, ಗೂಟಕ್ಕೆ ಕಟ್ಟಿದ್ದು ಅಲ್ಲೇ ಮುಳುಗುತ್ತದೆ.

ಹೊಳೆದಂಡೆಯ ಪಂಪ್‌ಸೆಟ್ ಬಗ್ಗೆ ನೀವು ಕೇಳಿಲ್ಲ, ಆದರೆ ಹೇಳದೆ ಬಿಡಲಾರೆ. ನೀರು ಏರುವಾಗ ಮೋಟರ್ ಬಿಚ್ಚಿ ತರಲು ಹೋದವರು, ಹೆಸರುಕಾಳಿನ ರಾಶಿ ಮುಚ್ಚಲು ಹೋದವರು ಹೊಲದಲ್ಲೇ ಸಿಕ್ಕಿಬೀಳುತ್ತಾರೆ, ಹಳ್ಳ ಹಿಂದಿನಿಂದ ಬಂದು ದಾರಿ ಮುಚ್ಚಿರುತ್ತದೆ. ಮೋಟರ್ ತರುವುದಿದ್ದರೆ ಹಳದಿಗೆ ಮುಂಚೆ, ಇಬ್ಬರು ಕೂಡಿ, ಕರೆಂಟು ತೆಗೆಸಿ. ಆ ಹೊತ್ತು ದಾಟಿದರೆ ಮೋಟರ್ ಹೋಗಲಿ.

ಇನ್ನು ಕಾಯಂ ಆಗಿ ಹೋಗುವ ಮಾತು. ಮೂರು ದಾರಿ ನನಗೆ ಕಾಣುತ್ತವೆ. ಊರಲ್ಲೇ ಉಳಿದು ಪ್ರತಿ ಸಲ ಹೊರಡುವುದು ಒಂದು: ಹೊಲ, ದನ, ನೆರೆಹೊರೆ ಎಲ್ಲ ಕೈಯಳತೆಯಲ್ಲಿರುತ್ತವೆ, ಆದರೆ ಒಂದು ಸಲ ತಡವಾದರೆ ಬೆಲೆ ದೊಡ್ಡದು. ಪೂರ್ತಿ ಹೋಗಿಬಿಡುವುದು ಇನ್ನೊಂದು: ಜೀವಕ್ಕೆ ಕ್ಷೇಮ, ಆದರೆ ಆಸರೆ ಮನೆಗಳು ಸಣ್ಣವು, ಕೊಟ್ಟಿಗೆಗೆ ಜಾಗವಿಲ್ಲ, ಹೊಲ ದೂರವಾಗುತ್ತದೆ. 2009ರ ನಂತರ ಹೋದವರಲ್ಲಿ ಎಷ್ಟೋ ಜನ ಮರಳಿ ಹಳೆಯ ಊರಿಗೆ ಬಂದದ್ದು ಇದೇ ಕಾರಣಕ್ಕೆ, ಅವರನ್ನು ಬೈಯುವುದರಲ್ಲಿ ಅರ್ಥವಿಲ್ಲ. ನಿಮ್ಮಂಥ ಮನೆಗೆ ನಾನು ಹೇಳುವುದು ಮೂರನೆಯದು: ಜುಲೈನಿಂದ ಅಕ್ಟೋಬರ್ ನಡುವಿನವರೆಗೆ ತಾಯಿ, ಗರ್ಭಿಣಿ ಅಥವಾ ಬಾಣಂತಿ, ಕೂಸುಗಳು ನವಗ್ರಾಮದಲ್ಲಿ, ಗಟ್ಟಿಮುಟ್ಟಾದ ಇಬ್ಬರು ಹಳೆಯ ಮನೆಯಲ್ಲಿ, ಕೆಂಪು ಗೆರೆಗೆ ಮುಂಚೆ ಅವರೂ ಹೊರಗೆ. ಎರಡು ಒಲೆಯ ಖರ್ಚು ಬರುತ್ತದೆ, ತಾಯಿಗೆ ಬೇಸರವೂ ಆಗುತ್ತದೆ. ಅಷ್ಟನ್ನು ಸಹಿಸಬಹುದು.

ಅದಕ್ಕೆ ಆಸರೆ ಮನೆ ವಾಸಕ್ಕೆ ತಕ್ಕಂತಿರಬೇಕು. ಕಾಳಿನ ಚೀಲಗಳನ್ನು ಒಂದು ಮೂಲೆಗೆ ಸೇರಿಸಿ ಒಂದು ಕೋಣೆ ಖಾಲಿ ಮಾಡಿ. ಹಕ್ಕುಪತ್ರ ಯಾರ ಹೆಸರಿನಲ್ಲಿದೆ, ಅದು ಕೈಗೆ ಬಂದಿದೆಯೇ ಎಂದು ಪಂಚಾಯಿತಿಯಲ್ಲಿ ವಿಚಾರಿಸಿ. ಹೆಸ್ಕಾಂನ ಕರೆಂಟು ಸಂಪರ್ಕ ಕಡಿದಿದ್ದರೆ ಜೂನ್ ಮುಗಿಯುವುದರೊಳಗೆ ಮತ್ತೆ ಹಾಕಿಸಿ, ನಲ್ಲಿಗೆ ನೀರು ಬರುತ್ತದೆಯೇ ಎಂದು ಎರಡು ರಾತ್ರಿ ಅಲ್ಲೇ ಮಲಗಿ ನೋಡಿ.